ಆಷಾಢದ ಜೋಡಿ ಸೈಕಲ್ಲು

ಆ ಸೈಕಲ್ಲನ್ನು ಮೊದಲು ನೋಡಿದಾಗ ಯಾರೋ ಎರಡು ಸೈಕಲ್ಲು ಕದ್ದು, ಗುರುತು ಸಿಗದಿರಲಿ ಎಂದು ಬೆಸೆದಿರಬೇಕು ಅಂದುಕೊಂಡೆ. ಎರಡು ಸೀಟು, ಎರಡು ಜೊತೆ ಪೆಡಲು, ಗಾಲಿ ಮಾತ್ರ ಎರಡೇ. ಊರು ಬಿಟ್ಟು ಹೋದ ಯಾವನೋ ಕಾಫಿ ತೋಟದ ದೊರೆಯದಂತೆ. ಅದು ಹೇಗೋ ಶಿಕಾರಿಪುರದ ಸೈಕಲ್ ಶಾಪಿನ ಸಾಹೇಬರ ಕೈಸೇರಿ, ಅವರ ಅಂಗಡಿಯ ಜಂತಿಗೆ ನೇತುಬಿದ್ದಿತ್ತು. ನಮ್ಮ ಯಜಮಾನರ ಕಣ್ಣು ಅದರ ಮೇಲೆ ಬಿತ್ತು. ಅವರ ಕಣ್ಣು ಬೀಳುವುದೆಲ್ಲ ಇಂಥದ್ದರ ಮೇಲೆಯೇ.

ಐವತ್ತರ ದಶಕದ ಕೊನೆಯ ಮಾತು. ನಮ್ಮ ಮದುವೆಯಾಗಿ ಮೂರು ತಿಂಗಳಾಗಿತ್ತು. ಅವರು ಶಿಕಾರಿಪುರದ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಮನೆಯಲ್ಲಿ ಹನ್ನೊಂದು ಜನ. ನಡುಮನೆಯಲ್ಲಿ ಮಾವ, ಜಗಲಿಯಲ್ಲಿ ಮೈದುನರು, ಅಡುಗೆಮನೆಯಲ್ಲಿ ಅತ್ತೆ, ಎಲ್ಲಿ ತಿರುಗಿದರೂ ನಾದಿನಿಯರು. ಮೂರು ತಿಂಗಳಲ್ಲಿ ಗಂಡಹೆಂಡಿರು ನಾವು ಆಡಿದ ಮಾತನ್ನೆಲ್ಲ ಬರೆದಿದ್ದರೆ ಒಂದು ಪೋಸ್ಟ್ ಕಾರ್ಡು ತುಂಬುತ್ತಿರಲಿಲ್ಲ. ಅವರಿಗೆ ಹಾಗಲಕಾಯಿ ಸೇರುವುದಿಲ್ಲ ಎಂಬುದನ್ನೂ ನಾನು ನಾದಿನಿಯ ಬಾಯಿಂದಲೇ ಕೇಳಿ ತಿಳಿಯಬೇಕಾಯಿತು.

ಅಷ್ಟರಲ್ಲಿ ಆಷಾಢ ಹತ್ತಿರ ಬಂತು. ಹೊಸ ಸೊಸೆ ಮೊದಲ ಆಷಾಢಕ್ಕೆ ತವರಿಗೆ ಹೋಗಲೇಬೇಕು. ಆ ತಿಂಗಳು ಅತ್ತೆ ಸೊಸೆ ಒಂದೇ ಹೊಸ್ತಿಲಿನೊಳಗೆ ಇರುವಂತಿಲ್ಲ, ಅಳಿಯ ಮಾವನ ಮನೆಗೆ ಕಾಲಿಡುವಂತಿಲ್ಲ. ನಮ್ಮ ಅತ್ತೆ ಇಂಥ ವಿಷಯದಲ್ಲಿ ಬಲು ಖಡಕ್ಕು.

"ಬರೋ ವಾರ ಇದೇ ದಿನ ಹನ್ನೊಂದು ಗಂಟೆಗೆ ಆಷಾಢ ಹುಟ್ತೈತೆ. ಅಷ್ಟರೊಳಗೆ ನೀನು ನನ್ನ ಹೊಸ್ತಿಲು ದಾಟಿರಬೇಕು ನೋಡವ್ವಾ" ಎಂದರು. ಮಾತಾಡಲು ಸಿಕ್ಕಿರದ ಗಂಡನನ್ನು ಇನ್ನೊಂದು ತಿಂಗಳು ನೋಡಲೂ ಸಿಗದಂತೆ ಮಾಡುವ ಈ ಏರ್ಪಾಡು ಕೇಳಿ ನನಗೆ ಮೈಯೆಲ್ಲ ಉರಿಯಿತು.

ಎರಡು ಮನೆಗೂ ಹೊಸ್ತಿಲಿದೆ, ನಡುವಿನ ರಸ್ತೆಗೆ ಇಲ್ಲ ಎಂದು ಕಂಡುಹಿಡಿದವರು ನಮ್ಮ ಯಜಮಾನರು. ಮಳೆಗಾಳಿಗೆ ಶಾಲೆಯ ಹೆಂಚು ಹಾರಿ, ರಿಪೇರಿಗೆಂದು ಆಷಾಢದ ಮೊದಲ ಎಂಟು ದಿನ ಅವರಿಗೆ ರಜೆ ಸಿಕ್ಕಿತ್ತು. ಆ ಎಂಟು ದಿನ ನಾವಿಬ್ಬರೇ ಸಾಹೇಬರ ಆ ಸೈಕಲ್ಲನ್ನು ಬಾಡಿಗೆಗೆ ಹಿಡಿದು ಸೊರಬ, ಉಳವಿ, ಸಾಗರ ದಾಟಿ ಜೋಗದವರೆಗೆ ಹೋಗಿಬರುವುದು, ಆಮೇಲೆ ಅವರು ನನ್ನನ್ನು ನನ್ನ ತವರಾದ ಕುಪ್ಪಗಡ್ಡೆಯ ಊರಬಾಗಿಲಲ್ಲಿ ಇಳಿಸಿ ವಾಪಸಾಗುವುದು. ಅತ್ತೆಗೆ, ಬಸ್ಸಿನಲ್ಲಿ ನೇರ ಕುಪ್ಪಗಡ್ಡೆಗೆ ಬಿಟ್ಟು ಬರುತ್ತೇನೆ ಎಂದರು. ನನ್ನ ಅಮ್ಮನಿಗೆ, ಮಗಳು ಎಂಟು ದಿನ ನಮ್ಮ ನೆಂಟರ ಮನೆಯಲ್ಲಿದ್ದು ಬರುತ್ತಾಳೆ ಎಂದು ಅತ್ತೆಯ ಹೆಸರಿನಲ್ಲಿ ಕಾರ್ಡು ಹೋಯಿತು. ಅತ್ತೆಗೆ ಓದುಬರಹ ಬಾರದು, ಅವರ ಕಾಗದಗಳನ್ನೆಲ್ಲ ಬರೆಯುತ್ತಿದ್ದವಳು ನಾನೇ. ಹಾಗಾಗಿ ಆ ಕೆಲಸಕ್ಕೆ ಹೆಚ್ಚು ಕಷ್ಟವಾಗಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಎಂಟಕ್ಕೇ ಹೊಸ್ತಿಲು ದಾಟಿದೆವು. ಬಸ್ ಸ್ಟ್ಯಾಂಡಿಗೆ ಹೋಗುವ ಬದಲು ಸಾಹೇಬರ ಅಂಗಡಿಯ ಹಿತ್ತಲಿಗೆ ಹೋಗಿ, ನಾನು ಸೀರೆಗೆ ಕಚ್ಚೆ ಹಾಕಿಕೊಂಡೆ.

"ಅಮ್ಮಾ, ಹಿಂದೆ ಕೂತೋರಿಗೆ ಕಲಿಯಾದು ಏನಿಲ್ಲ. ಕಾಲಿಟ್ರೆ ಪೆಡಲ್ಲೇ ತಿರುಗಿಸ್ತದೆ. ಒಂದೇ ಮಾತು, ಮ್ಯಾಲೆ ಕೂತು ಜಗಳ ಮಾಡ್ಬ್ಯಾಡ್ರಿ. ಇದು ಸಿಟ್ಟು ತಡೆಯಾ ಗಾಡಿ ಅಲ್ಲ" ಎಂದರು ಸಾಹೇಬರು.

ಊರು ದಾಟುವುದರೊಳಗೆ ಎರಡು ಸಲ ಬಿದ್ದೆವು. ಅವರು ಬಲಕ್ಕೆ ವಾಲಿದರೆ ನಾನು ಹೆದರಿ ಎಡಕ್ಕೆ ವಾಲುತ್ತಿದ್ದೆ. ಮೂರನೆಯ ಸಲ ಸರಿಯಾಗಿ ಕೂತೆವು ಅನ್ನುವಾಗ ಮಳೆ ಹಿಡಿಯಿತು. ನಾನು ಛತ್ರಿ ಬಿಚ್ಚಿದೆ. ಗಾಳಿ ಅದನ್ನು ಹಿಡಿದು ಸೈಕಲ್ಲನ್ನೇ ಶಿಕಾರಿಪುರದ ಕಡೆಗೆ ಎಳೆಯತೊಡಗಿತು.

"ಮುಚ್ಚೇ ಅದನ್ನ! ನಾನು ಮುಂದಕ್ಕೆ ತುಳೀತಿದ್ದೀನೋ ಹಿಂದಕ್ಕೋ ಗೊತ್ತಾಗ್ತಿಲ್ಲ!"

"ನೀವು ತುಳಿಯೋದು ನಂಗೆ ಕಾಣ್ತಾ ಇದೆ ಬಿಡಿ. ಬೆನ್ನು ಮಾತ್ರ ಬಾಗ್ತಿದೆ, ಕಾಲಲ್ಲಿ ಜೀವ ಇಲ್ಲ."

"ಹಿಂದೆ ಕೂತು ಸವಾರಿ ಮಾಡೋಳಿಗೆ ಬಾಯಿ ಬೇರೆ!"

ಮದುವೆಯಾದ ಮೇಲೆ ನಾವು ಆಡಿದ ಮೊದಲ ಜಗಳ ಅದು. ನನಗೆ ಎಷ್ಟು ಖುಷಿಯಾಯಿತು ಎಂದರೆ, ಮುಗಿಯಬಾರದೆಂದು ಬೇಕೆಂದೇ ಬೆಳೆಸಿದೆ.

ಕೊನೆಗೆ ಛತ್ರಿ ಮಡಚಿ, ದಾರಿಯ ಜನರಿಗೆ ಗುರುತೂ ಸಿಗದಂತೆ ಇಬ್ಬರೂ ತಲೆ ಮುಚ್ಚುವ ಕಂಬಳಿ ಕೊಪ್ಪೆ ಹಾಕಿಕೊಂಡೆವು. ಒಂದು ಸೈಕಲ್ಲಿನ ಮೇಲೆ ಎರಡು ಕೊಪ್ಪೆ ಹೋಗುವುದನ್ನು ನೋಡಿ, ಗದ್ದೆಯಲ್ಲಿ ಸಸಿ ಕೀಳುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಿಂತು ಕೇಕೆ ಹಾಕಿ ನಕ್ಕರು. ಶಿರಾಳಕೊಪ್ಪ ದಾಟಿ ಒಂದಿಷ್ಟು ದೂರ ಬಂದಾಗ ಹಿಂದಿನಿಂದ ಬಸ್ಸು ಬಂತು. ನಮ್ಮ ಮೈಮೇಲೆಲ್ಲ ಕೆಸರು ರಾಚಿ ಮುಂದೆ ಹೋಯಿತು. ಯಜಮಾನರು ಉತ್ಸಾಹದಿಂದ ಅದಕ್ಕೆ ಕೈಬೀಸಿದರು. ಬೀಸಬಾರದಿತ್ತು.

ಸೊರಬ ತಲುಪುವಾಗ ನಾಲ್ಕು ಗಂಟೆ ಹೊಡೆದಿತ್ತು. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನ ಗೋಡೆಗೆ ಸೈಕಲ್ಲು ಒರಗಿಸಿ ಒಳಗೆ ನುಗ್ಗಿ, ಬಿಸಿ ಬೋಂಡ ತರಿಸಿದೆವು. ಮೊದಲ ತುತ್ತು ಬಾಯಿಗಿಟ್ಟಿದ್ದೆ, ಬಾಗಿಲಲ್ಲಿ ಯಾರೋ ನಿಂತಂತಾಯಿತು.

ಅತ್ತೆ.

ನಾವು ಹೊರಟ ಒಂದು ಗಂಟೆಗೆ ನನ್ನ ಅಮ್ಮನ ಉತ್ತರ ಬಂದಿತ್ತಂತೆ: ನೀವು ಬರೆಸಿದಂತೆಯೇ ಆಗಲಿ, ಎಂಟು ದಿನ ಬಿಟ್ಟೇ ಬರಲಿ ಎಂದು. ನಾದಿನಿ ಓದಿ ಹೇಳಿದ್ದಾಳೆ. ಅತ್ತೆ ಒಬ್ಬರೇ ಕುಪ್ಪಗಡ್ಡೆಗೆಂದು ಬಸ್ಸು ಹತ್ತಿದ್ದಾರೆ. ದಾರಿಯಲ್ಲಿ ಕೈಬೀಸಿದ ಕೊಪ್ಪೆ ಯಾರದೆಂದು ಹೆತ್ತವರಿಗೆ ತಿಳಿಯದೇ ಇರುತ್ತದೆಯೇ? ಸೊರಬದಲ್ಲೇ ಇಳಿದು ನಮಗಾಗಿ ಕಾದಿದ್ದರು.

"ಏಳೇ ಮೇಲೆ. ಕುಪ್ಪಗಡ್ಡೆಗೆ ಕೊನೇ ಬಸ್ಸು ಐದಕ್ಕೈತೆ. ನಾನೇ ಹತ್ತಿಸ್ತೀನಿ" ಎಂದರು, ಬಾಗಿಲಾಚೆಯಿಂದಲೇ. ಯಜಮಾನರು ಇಂಗು ತಿಂದ ಮಂಗನ ಹಾಗೆ ಬೋಂಡದ ತಟ್ಟೆಯನ್ನೇ ನೋಡುತ್ತಾ ಕೂತರು.

ಹೋಟೆಲಿನವರು, "ಅಯ್ಯೋ, ಮಳೆ ಹೊಡಿತಾ ಇದೆ. ಒಳಗೆ ಬನ್ನಿ ಅಮ್ಮಾ" ಎಂದು ಕರೆದರು.

"ಇವಳು ನನ್ನ ಹೊಸ ಸೊಸೆ. ಆಷಾಢ ಹುಟ್ಟಿ ಐದು ತಾಸಾತು. ಇವಳು ಒಳಗಿರೋವಾಗ ಆ ಹೊಸ್ತಿಲು ನಾನು ದಾಟಂಗಿಲ್ಲ. ಹೋಟ್ಲಿಂದಾದ್ರೂ ಹೊಸ್ತಿಲೇ."

ಆಗ ನನ್ನ ತಲೆಯಲ್ಲಿ ಒಂದು ಕೆಟ್ಟ ಯೋಚನೆ ಸುಳಿಯಿತು. ಅವರು ಒಳಗೆ ಬರುವಂತಿಲ್ಲ. ನಾನು ಏಳದಿದ್ದರೆ ನನ್ನನ್ನು ಎಳೆದೊಯ್ಯುವವರು ಯಾರು? ಐದರ ಬಸ್ಸು ಹೋಗುವವರೆಗೆ ಇಲ್ಲೇ ಕೂತರೆ ಆ ಎಂಟು ದಿನವೂ ನನ್ನದೇ.

"ಇನ್ನೊಂದು ಪ್ಲೇಟು ಬೋಂಡ ಕೊಡಿ" ಎಂದೆ, ಗಟ್ಟಿಯಾಗಿ.

ಅತ್ತೆ ಮಾಡಿನ ಅಂಚಿಗೆ ನಿಂತರು. ನಾನು ತಿಂದೆ. ಗೋಡೆ ಗಡಿಯಾರ ನೋಡಿದೆ. ಮತ್ತೆ ತಿಂದೆ. ಎರಚಲಿಗೆ ಅವರ ಸೀರೆ ಮೊಣಕಾಲಿನವರೆಗೆ ನೆನೆದಿತ್ತು, ಹೆಂಚಿನ ನೀರು ಒಂದು ಭುಜದ ಮೇಲೆ ಬೀಳುತ್ತಿತ್ತು. ಸರಿದು ನಿಲ್ಲಲು ಜಾಗವಿರಲಿಲ್ಲ. ಎರಡು ಸಲ ಕೆಮ್ಮಿದರು. ಐದಕ್ಕೆ ಇನ್ನು ಹತ್ತು ನಿಮಿಷವಿತ್ತು. ಕೈಯಲ್ಲಿದ್ದ ಬೋಂಡವನ್ನು ತಟ್ಟೆಗೆ ಹಾಕಿದೆ. ಹಾಳು ಮನಸ್ಸು, ಆಗಲೇ ಕರಗಬೇಕಿತ್ತೇ!

ಎದ್ದು ಹೊರಗೆ ಬಂದೆ.

"ಒಳಗೆ ಹೋಗಿ ಅತ್ತೆ. ನಾನು ಹೊರಗಿರ್ತೀನಿ. ಬಸ್ಸು ಬಂದ್ರೆ ಹತ್ತಿಸಿ, ಹತ್ತುತ್ತೀನಿ." ಅಷ್ಟಕ್ಕೇ ಸುಮ್ಮನಾಗಬೇಕಿತ್ತು. ಆಗಲಿಲ್ಲ. "ಆದ್ರೆ ಒಂದು ತಿಳ್ಕೊಳ್ಳಿ. ನಾನು ಜೋಗ ನೋಡಬೇಕು ಅಂತ ಸುಳ್ಳು ಬರೆದೋಳಲ್ಲ. ಮದುವೆಯಾಗಿ ಮೂರು ತಿಂಗಳಾಯ್ತು, ನಿಮ್ಮ ಮಗ ಎಂಥೋರು ಅಂತ್ಲೇ ನಂಗೆ ಗೊತ್ತಿಲ್ಲ. ಇವತ್ತೊಂದು ದಿನ ಜಗಳ ಆಡಿದ್ವಿ. ಅದೇ ದೊಡ್ಡ ಹಬ್ಬ ಆಗಿಬಿಡ್ತು ನಂಗೆ."

ಅತ್ತೆ ನನ್ನ ಮುಖ ನೋಡಿದರು. ಕೆಸರಾದ ಕಚ್ಚೆ ನೋಡಿದರು, ಗೋಡೆಗೊರಗಿದ ಆ ವಿಚಿತ್ರ ಸೈಕಲ್ಲನ್ನೂ ನೋಡಿದರು. ಆಮೇಲೆ ಒಳಗೆ ಹೋದರು. ಅಷ್ಟರಲ್ಲಿ ಕುಪ್ಪಗಡ್ಡೆಯ ಬಸ್ಸು ಬಂದು ನಿಂತು ಹಾರ್ನ್ ಹೊಡೆಯಿತು. ನಾನು ನನ್ನ ಗಂಟು ಕೈಗೆತ್ತಿಕೊಂಡೆ.

ಒಳಗಿನಿಂದ ಅತ್ತೆಯ ದನಿ ಕೇಳಿತು. ಹೋಟೆಲಿನವರಿಗೆ ಹೇಳುತ್ತಿದ್ದರು, "ಒಂದು ಬಿಸಿ ಕಾಫಿ ಕೊಡಪ್ಪಾ. ನಂಗೆ ಕತ್ತು ಹಿಡಕಂಡೈತೆ, ಬಾಗ್ಲು ಕಡೆ ತಿರುಗಕ್ಕಾಗಲ್ಲ. ಹೊರಗೆ ಯಾರು ಬಸ್ಸು ಹತ್ತಿದ್ರು, ಯಾರು ಬಿಟ್ರು, ನಂಗೇನೂ ಕಾಣಂಗಿಲ್ಲ."

ಇಣುಕಿದೆ. ಅವರು ಬೆಂಚನ್ನು ತಿರುಗಿಸಿ, ಬಾಗಿಲಿಗೆ ಬೆನ್ನು ಹಾಕಿ, ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು.

"ಇನ್ನೂ ಕುಂತೀಯೇನೋ? ಹೊರಗೆ ಆ ಹುಡುಗಿ ನೆನೀತಾ ಐತೆ" ಎಂದು ಗೋಡೆಯನ್ನೇ ನೋಡುತ್ತಾ ಮಗನನ್ನು ಗದರಿದರು. "ನನ್ನ ಮೊದಲ ಆಷಾಢದಾಗೆ ಯಾರೂ ಹಿಂಗೆ ಕತ್ತು ಹಿಡಿಸ್ಕಂಡು ಕೂರ್ಲಿಲ್ಲ. ಎದ್ದು ಹೋಗು."

ಉಳವಿ ರಸ್ತೆಯಲ್ಲಿ ಅರ್ಧ ಮೈಲಿ ತುಳಿದೆವು. ಆಮೇಲೆ ನಾನೇ ಕೇಳಿದೆ, "ಅತ್ತೆಯವರ ಮೊದಲ ಆಷಾಢದಲ್ಲಿ ಏನಾಗಿತ್ತು ರೀ?"

"ಗೊತ್ತಿಲ್ಲ ಕಣೇ" ಎಂದರು. "ಯಾವತ್ತೂ ಕೇಳಲಿಲ್ಲ."

ಇಪ್ಪತ್ತೇಳು ವರ್ಷ ಆ ತಾಯಿಯ ಕೈಯಡುಗೆ ಉಂಡವರು. ನನಗೆ ಅಳು ಬಂತೋ ಸಿಟ್ಟು ಬಂತೋ ತಿಳಿಯಲಿಲ್ಲ. ಎದುರಿಗಿದ್ದ ಆ ಒದ್ದೆ ಬೆನ್ನಿಗೆ ಬಲವಾಗಿ ಒಂದು ಗುದ್ದಿದೆ.