ಬಿದ್ದಾಂವ ಸತ್ತಾಂವ

ನಮ್ಮ ನುಂಗಂಬಾಕ್ಕಂ ಅಪಾರ್ಟ್‌ಮೆಂಟಿನ ಗ್ರಿಲ್ಲುಗಳಿಗೆ ಕಳೆದ ವಾರ ಬಣ್ಣ ಹೊಡೆಸಿದರು. ಟರ್ಪೆಂಟೈನ್ ವಾಸನೆ ಎರಡು ದಿನವಾದರೂ ಮನೆ ಬಿಟ್ಟು ಹೋಗಲಿಲ್ಲ. ತಲೆನೋವು ಎಂದು ಹೆಂಡತಿ ಕಿಟಕಿ ಮುಚ್ಚುತ್ತಿದ್ದಳು, ಅವಳು ಅಡುಗೆಮನೆಗೆ ಹೋದ ಕೂಡಲೇ ನಾನು ತೆರೆಯುತ್ತಿದ್ದೆ. ನನ್ನ ಮಟ್ಟಿಗೆ ಆ ವಾಸನೆ ಒಬ್ಬರದೇ... ಕೀಲ್ಪಾಕಿನ ಕಾಕಾ ಅವರದು.

ಕಾಕಾ ನನಗೆ ರಕ್ತಸಂಬಂಧಿಯಲ್ಲ. ಧಾರವಾಡದ ಕಡೆಯವರು, ರೈಲ್ವೆಯಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿ ನಿವೃತ್ತರಾಗಿದ್ದರು. ನಾನು ಮೈಸೂರಿನವನು, ಬ್ಯಾಂಕಿನ ಕೆಲಸಕ್ಕೆ ಈ ತಮಿಳರ ಊರಿಗೆ ಬಂದು ಅವರ ಬೀದಿಯಲ್ಲೇ ಬಾಡಿಗೆಗಿದ್ದೆ. ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದನ್ನು ಕೇಳಿಸಿಕೊಂಡು, ಹೆಸರೂ ಕೇಳದೆ, "ಭಾನುವಾರ ಊಟಾ ಮುಗಿಸಿ ಬಾ, ಯುದ್ಧ ಅದ" ಎಂದರು.

ಯುದ್ಧ ನಡೆಯುತ್ತಿದ್ದುದು ಅವರ ಮಹಡಿಯ ಹಾಲಿನಲ್ಲಿ, ಟೇಬಲ್ ಟೆನ್ನಿಸ್ ಮೇಜಿನ ಮೇಲೆ. ಹಳೆಯ ರೈಲ್ವೆ ಟೈಮ್‌ಟೇಬಲ್ ಪುಸ್ತಕಗಳನ್ನು ಪೇರಿಸಿ ಮೇಲೊಂದು ಹಸಿರು ರಗ್ಗು ಹೊದಿಸಿದರೆ ಅದೇ ಗುಡ್ಡ. ಅದರ ಮೇಲೆ ಅರ್ಧ ಹೆಬ್ಬೆರಳಿನ ಎತ್ತರದ ಸೀಸದ ಸೈನಿಕರು, ನೂರಾರು ಮಂದಿ. ಎಲ್ಲ ಹತ್ತೊಂಬತ್ತನೆಯ ಶತಮಾನದ ಯೂರೋಪಿನ ಸೈನ್ಯಗಳು. ಊರಿನ ಪ್ಯಾರೀಸ್ ಕಾರ್ನರ್ ಪೇಟೆಯಿಂದ ಎನಾಮೆಲ್ ಬಣ್ಣದ ಪುಟ್ಟ ಡಬ್ಬಿಗಳನ್ನು ತಂದು, ಟರ್ಪೆಂಟೈನ್ ಬೆರೆಸಿ, ಒಬ್ಬೊಬ್ಬನ ಅಂಗಿಯ ಗುಂಡಿಗೂ ಬಣ್ಣ ಬಳಿದವರು ಕಾಕಾ. ಫ್ಯಾನ್ ಹಾಕುವಂತಿಲ್ಲ, ಗಾಳಿಗೆ ಸೈನಿಕರು ಬೀಳುತ್ತಾರೆ. ಮೇ ತಿಂಗಳ ಮಧ್ಯಾಹ್ನ ನಾಲ್ವರು ಗಂಡಸರು ಬನಿಯನ್ ಹಿಂಡುವಷ್ಟು ಬೆವರುತ್ತ ರಷ್ಯಾದ ಹಿಮದಲ್ಲಿ ಹೋರಾಡುತ್ತಿದ್ದೆವು. ಕಾಕಾ, ನಾನು, ಪಕ್ಕದ ಬೀದಿಯ ಡಾಕ್ಟರು, ಇನ್ಶೂರೆನ್ಸಿನ ಒಬ್ಬರು. ನಾವಿಬ್ಬರೇ ಕನ್ನಡದವರು, ಉಳಿದಿಬ್ಬರು ತಮಿಳರು.

ಈ ಆಟಕ್ಕೆ ಚದುರಂಗದ ಹಾಗೆ ಎಲ್ಲರಿಗೂ ಒಂದೇ ನಿಯಮವಿಲ್ಲ. ಕುದುರೆ ಎಷ್ಟು ಅಂಗುಲ ಓಡಬೇಕು, ಫಿರಂಗಿಗೆ ಎಷ್ಟು ಜನ ಸಾಯಬೇಕು, ದಂಡು ಯಾವಾಗ ಎದೆಗೆಟ್ಟು ಓಡಬೇಕು, ಎಲ್ಲವೂ ಯಾವ ನಿಯಮದ ಪುಸ್ತಕ ಆರಿಸಿಕೊಳ್ಳುತ್ತೀರಿ ಎಂಬುದರ ಮೇಲೆ. ವಿದೇಶದಿಂದ ಬಂದ ಪುಸ್ತಕಗಳನ್ನು ಕಾಕಾ "ಅವು ಕೂಸಿನ ಆಟದವು" ಎಂದು ಮೂಲೆಗೆ ಎಸೆದಿದ್ದರು. ಉದ್ದನೆಯ ನೋಟುಪುಸ್ತಕದಲ್ಲಿ, ನಕ್ಷೆಗಾರನ ಮುತ್ತಿನಂಥ ಅಕ್ಷರದಲ್ಲಿ ತಮ್ಮದೇ ನಿಯಮ ಬರೆದಿದ್ದರು. ಅದರಲ್ಲಿ ಎರಡು ನನಗೆ ಇವತ್ತಿಗೂ ಬಾಯಿಪಾಠ. ಒಂದು, ದಳಪತಿ ತನ್ನ ಸೈನ್ಯವನ್ನು ತನ್ನ ಕೈಯಿಂದಲೇ ಒಬ್ಬೊಬ್ಬರನ್ನಾಗಿ ಸರಿಸಬೇಕು. ಇನ್ನೊಂದು, ಸರಿಸುವಾಗ ಕೈ ತಾಗಿ ಉರುಳಿದವನು ಸತ್ತ ಲೆಕ್ಕ. ಬಾಯಲ್ಲಿ ಅದನ್ನು ಎರಡೇ ಮಾತಿನಲ್ಲಿ ಹೇಳುತ್ತಿದ್ದರು: "ಬಿದ್ದಾಂವ ಸತ್ತಾಂವ."

ಮದುವೆಯಾದ ಹೊಸತರಲ್ಲಿ ಹೆಂಡತಿಯನ್ನು ಆಟ ನೋಡಲು ಕರೆದುಕೊಂಡು ಹೋದೆ. ಜಂಬ, ಮತ್ತೇನು. ಅವಳ ಮುಂದೆ ಕುದುರೆ ದಂಡನ್ನು ಗುಡ್ಡ ಹತ್ತಿಸಲು ಹೋಗಿ ಅಂಗಿಯ ತೋಳು ತಾಗಿತು. ಸಾಲಿಗೆ ಸಾಲೇ ಮಲಗಿತು. ಕಾಕಾ ಒಂದೊಂದನ್ನೇ ಎತ್ತಿ ಡಬ್ಬಿಗೆ ಹಾಕಿದರು. "ಏನಲೇ, ಎಮ್ಮಿ ತಿರಗಿಧಾಂಗ ಹೊಳ್ಳತಿ! ನಿನ್ನ ಶೌರ್ಯಾ ತೋರಸಾಕ ಈಕಿನ್ನ ಕರಕೊಂಡು ಬಂದೀ ಏನು?" ಎಂದರು. ಆಮೇಲೆ ಆಟ ಮುಗಿಯುವವರೆಗೆ ನನ್ನನ್ನು ಗೋಡೆಯ ಹತ್ತಿರ ಕೈಕಟ್ಟಿ ನಿಲ್ಲಿಸಿದರು. ನಾನು ನಿಂತೆ! ಡಾಕ್ಟರು ನಕ್ಕರು, ಇನ್ಶೂರೆನ್ಸಿನವರು ನಕ್ಕರು. ನನ್ನ ಹೆಂಡತಿಯೂ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಆ ನಗು ನನಗೆ ಮುಳ್ಳಿನಂತೆ ಚುಚ್ಚಿತು, ಕಾಕಾನ ಮೇಲಿನ ಸಿಟ್ಟನ್ನು ಆರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡೆ. ಹೊರಗೆ ಮಾತ್ರ ವಿಧೇಯ ಶಿಷ್ಯ.

ಆರನೆಯ ವರ್ಷ ಕಾಕಾನ ಬಲಗೈ ನಡುಗತೊಡಗಿತು. ಮೊದಲು ಚಹಾದ ಲೋಟ ತಟ್ಟೆಗೆ ತಾಗಿ ಸದ್ದು ಮಾಡುತ್ತಿತ್ತು. ಆಮೇಲೆ ಬಣ್ಣದ ಕುಂಚ ಮೂಲೆ ಸೇರಿತು. ಡಾಕ್ಟರಿಗೆ ಗೊತ್ತಿತ್ತು, ನಮಗೂ ಹೇಳಿದ್ದರು, ಇದು ವಾಸಿಯಾಗುವ ಕಾಯಿಲೆಯಲ್ಲ ಎಂದು. ಕಾಕಾನ ಎದುರು ಯಾರೂ ಅದರ ಸುದ್ದಿ ಎತ್ತುತ್ತಿರಲಿಲ್ಲ.

ಆ ಬೇಸಿಗೆಗೆ ವಾಟರ್ಲೂ ಯುದ್ಧ ಆಡುವುದೆಂದು ವರ್ಷದ ಹಿಂದೆಯೇ ನಿಶ್ಚಯವಾಗಿತ್ತು. ನಾನು ಫ್ರೆಂಚರ ಕಡೆ, ಕಾಕಾ ಇಂಗ್ಲಿಷರ ಕಡೆ. ಕಾಕಾ ಹಾಕಿದ್ದ ಇನ್ನೊಂದು ಪದ್ಧತಿಯಿತ್ತು: ಚರಿತ್ರೆಯಲ್ಲಿ ಸೋತ ಪಕ್ಷವನ್ನು ಆಡುವವನಿಗೇ ನಿಯಮ ಆರಿಸುವ ಹಕ್ಕು. ವಾಟರ್ಲೂದಲ್ಲಿ ಸೋತವರು ಫ್ರೆಂಚರು. ಹಾಗಾಗಿ ಆಯ್ಕೆ ನನ್ನದು.

ಆಟಕ್ಕೆ ಒಂದು ತಿಂಗಳು ಮುಂಚೆ ಕಾಕಾ ನನ್ನನ್ನು ಕರೆಸಿದರು. ಮೇಜಿನ ಮೇಲೆ, ತಾವೇ ಮೂಲೆಗೆಸೆದಿದ್ದ ವಿದೇಶಿ ಪುಸ್ತಕವೊಂದನ್ನು ಧೂಳು ಒರೆಸಿ ಇಟ್ಟಿದ್ದರು. ಅದರ ಪ್ರಕಾರ ಹನ್ನೆರಡು ಮಂದಿ ಸೈನಿಕರನ್ನು ಒಂದು ರಟ್ಟಿಗೆ ಅಂಟಿಸಿ ಒಟ್ಟಿಗೇ ಸರಿಸಬಹುದು, ಬಿದ್ದರೆ ಎತ್ತಿ ನಿಲ್ಲಿಸಬಹುದು. "ಇದರಾಗ ಫಿರಂಗಿ ಲೆಕ್ಕ ಚಲೋ ಅದನೋ... ಚರಿತ್ರೆಗೂ ಹತ್ರ ಅದ. ನೋಡತೀ ಏನು?" ಎಂದರು. ಬಲಗೈಯನ್ನು ಎಡಗೈಯಿಂದ ಅದುಮಿ ಮಡಿಲಲ್ಲಿ ಇಟ್ಟುಕೊಂಡಿದ್ದರು.

ನನಗೆ ಎಲ್ಲ ಅರ್ಥವಾಯಿತು. ಕೈಯಲ್ಲಿ ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಲಾರದ ಮುದುಕ, ಫಿರಂಗಿಯ ನೆಪದಲ್ಲಿ ಬೇಡುತ್ತಿದ್ದ. ಒಂದು "ಹೂಂ" ಅಂದಿದ್ದರೆ ಸಾಕಿತ್ತು. ನಾನು ಮುಖದ ಮೇಲೆ ಭಕ್ತಿ ತಂದುಕೊಂಡು ಹೇಳಿದೆ: "ಎಲ್ಲಾದರೂ ಉಂಟೇ ಕಾಕಾ! ವಾಟರ್ಲೂವನ್ನ ನಿಮ್ಮ ನಿಯಮ ಬಿಟ್ಟು ಆಡೋದಾ? ನನ್ನ ಆಯ್ಕೆ ನಿಮ್ಮ ನೋಟುಪುಸ್ತಕಾನೇ."

ಕಾಕಾ ಆ ಪುಸ್ತಕವನ್ನು ಬದಿಗೆ ಸರಿಸಿ ನನ್ನತ್ತ ನೋಡಿದರು. ಕಣ್ಣು ಒದ್ದೆಯಾಯಿತು. ತಾವು ಸಿಕ್ಕಿಬಿದ್ದದ್ದು ಅವರಿಗೆ ಗೊತ್ತಾಯಿತು ಅಂದುಕೊಂಡೆ. ಮೆಟ್ಟಿಲಿಳಿಯುವಾಗ, ಮಾಡಿದ್ದುಣ್ಣೋ ಮಹಾರಾಯ, ಎಂದು ಮನಸ್ಸಿನಲ್ಲೇ ಹಾಡಿಕೊಂಡೆ. ಖುಷಿಯಾಗಿತ್ತು. ಸುಳ್ಳೇಕೆ ಹೇಳಲಿ, ಬಹಳ ಖುಷಿಯಾಗಿತ್ತು.

ಯುದ್ಧದ ದಿನ ಕಾಕಾ ಹಣೆಗೆ ವಿಭೂತಿ ಹಚ್ಚಿ, ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಮೊದಲ ಸಾಲು ಹೇಗೋ ಸರಿಯಿತು. ಎರಡನೆಯ ಸಾಲಿನಲ್ಲಿ ಒಬ್ಬ ಉರುಳಿದ, ಅವನು ಪಕ್ಕದವನನ್ನು ಉರುಳಿಸಿದ. ನಾನು ಡಬ್ಬಿ ಮುಂದೆ ತಳ್ಳಿದೆ. ಮತ್ತೆ ನಾಲ್ವರು. ಮತ್ತೆ ಡಬ್ಬಿ. ಡಾಕ್ಟರಿಗೆ ತಡೆಯಲಾಗಲಿಲ್ಲ. "ವಿಡುಂಗ ಸಾರ್, ನಾನ್ ವೆಕ್ಕಿರೇನ್," ನಾನೇ ಸರಿಸಿ ಇಡುತ್ತೇನೆ ಬಿಡಿ, ಎಂದು ಕೈ ಚಾಚಿದರು. ನಾನು ನೋಟುಪುಸ್ತಕ ತೆರೆದು ಗಟ್ಟಿಯಾಗಿ ಓದಿದೆ: ದಳಪತಿ ತನ್ನ ಕೈಯಿಂದಲೇ... ಡಾಕ್ಟರು ನನ್ನ ಮುಖವನ್ನು ಹೇಸಿಗೆ ನೋಡಿದ ಹಾಗೆ ನೋಡಿ ಕೈ ಹಿಂದಕ್ಕೆ ತೆಗೆದರು. ಕಾಕಾ ಮಾತ್ರ, "ಖರೇ ಅದ. ಓದು, ಓದು" ಎಂದರು.

ನಾನು ಒಂದೂ ಫಿರಂಗಿ ಹಾರಿಸಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ಇಂಗ್ಲಿಷರ ಮೂರರಲ್ಲೊಂದು ಪಾಲು ಡಬ್ಬಿಯಲ್ಲಿತ್ತು. ಅಷ್ಟು ಜನ ಸತ್ತರೆ ದಂಡು ಎದೆಗೆಟ್ಟು ಓಡುತ್ತದೋ ಇಲ್ಲವೋ ಎಂದು ದಾಳ ಹಾಕಬೇಕು. ಕಾಕಾ ಹಾಕಿದ ದಾಳ ಕೈ ನಡುಕಕ್ಕೆ ಮೇಜಿನಿಂದಲೇ ಹಾರಿ ನೆಲಕ್ಕೆ ಬಿತ್ತು. ಬಗ್ಗಿ ನೋಡಿದವನು ನಾನೇ. ಒಂದು ಬಿದ್ದಿತ್ತು, ಎಲ್ಲಕ್ಕಿಂತ ಕೆಟ್ಟ ಅಂಕೆ. ಅವರ ಸೈನ್ಯ ಓಡಿತು. ಆಟ ಮುಗಿಯಿತು. ಕಾಕಾ ನನ್ನ ಬೆನ್ನು ತಟ್ಟಿದರು, ಅಥವಾ ತಟ್ಟಲು ಹೋದರು... ಕೈ ಭುಜದ ಮೇಲೆ ಸುಮ್ಮನೆ ಅದುರಿತು.

ಅದೇ ಕೊನೆಯ ಆಟ. ಡಾಕ್ಟರು ನನ್ನೊಡನೆ ಮಾತು ಬಿಟ್ಟರು. ಇನ್ನೊಂದು ವರ್ಷಕ್ಕೆ ಕಾಕಾ ತೀರಿಕೊಂಡರು. ಶಿವಗಣಾರಾಧನೆಗೆ ಹೋದಾಗ ಅವರ ಹೆಂಡತಿ, ನಾವು ಕಾಕು ಎನ್ನುತ್ತಿದ್ದವರು, ನನ್ನನ್ನು ಒಳಗೆ ಕರೆದು ಕೂರಿಸಿದರು.

"ನೀ ಅವರ ನೋಟುಬುಕ್ಕ ಬೇಕಂದಿ ನೋಡು, ಅವತ್ತು ಮಲಗೂತನಾ ಅದನ್ನ ಹೇಳಿದ್ರಪಾ," ಎಂದರು. "ಆಮ್ಯಾಲೆ ಒಂದು ತಿಂಗಳಾ ದಿನಾ ಮುಂಜಾನೆ ಊಟದ ಟೇಬಲ್ ಮ್ಯಾಲೆ ಆ ಗೊಂಬಿ ಸಾಲಾಗಿ ಇಟ್ಟು ಸರಸೂದು ಕಲಿತ್ರು. ಬೀಳತಿದ್ವು, ಮತ್ತ ಇಡತಿದ್ರು. ಎಲ್ಲಾರೂ ನನ್ನ ರೋಗಿಷ್ಟ ಅಂತ ನೋಡತಾರ, ಅವನೊಬ್ಬಾಂವ ನನ್ನ ಗಂಡಸಂತ ತಿಳದು ಆಡತಾನ ಅಂತಿದ್ರು. ಸೋತು ಬಂದ ದಿನಾನೂ ಅದನ್ನ ಅಂದ್ರು."

ನಾನು ಕಾಫಿ ಲೋಟ ಕೆಳಗಿಟ್ಟು, "ಹೌದು ಕಾಕು" ಎಂದೆ.

ಇಪ್ಪತ್ತು ವರ್ಷವಾಯಿತು. ಕಾಕು ಈಗಲೂ ಕೀಲ್ಪಾಕಿನಲ್ಲೇ ಮಗಳ ಜೊತೆ ಇದ್ದಾರೆ. ಹೋದ ತಿಂಗಳು ಹೋಗಿದ್ದೆ. ಮೊಮ್ಮಗಳನ್ನು ಕರೆದು, "ನಿಮ್ಮ ಅಜ್ಜನ ಮರ್ಯಾದಿ ಉಳಿಸಿದಾಂವ ಇವನ ನೋಡು" ಎಂದು ತೋರಿಸಿದರು. ಆ ಹುಡುಗಿ, "ಅಪ್ಪಡಿಯಾ, ಅಂಕಲ್?" ಎಂದು ತಮಿಳಿನಲ್ಲಿ ಕೇಳಿದಳು. ಹೌದೆಂದು ತಲೆಯಾಡಿಸಿದೆ.

ನಿಜ ಹೇಳಿದರೆ ಆ ಮುದುಕಿಯ ಎದೆ ಒಡೆಯುತ್ತದೆ ಎಂದು ಸುಮ್ಮನಿದ್ದೇನೆ ಅಂತ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸಬೂಬು. ನನ್ನನ್ನು ಹತ್ತಿರದಿಂದ ಕಂಡವರು ಯಾರೂ ನನ್ನನ್ನು ದೊಡ್ಡ ಮನಸ್ಸಿನವನು ಅಂದಿಲ್ಲ, ಕಟ್ಟಿಕೊಂಡವಳೂ ಅಂದಿಲ್ಲ. ಹಾಗೆ ನಂಬಿದವರು ಕಾಕಾ ಒಬ್ಬರೇ, ಅವರನ್ನು ಕಳೆದುಕೊಂಡಾಯಿತು. ಅವರ ನಂಬಿಕೆ ಮಾತ್ರ ಕಾಕುವಿನ ಬಾಯಲ್ಲಿ ಇನ್ನೂ ಇದೆ. ಅದನ್ನು ಕೇಳಲೆಂದೇ ನಾನು ಕೀಲ್ಪಾಕಿಗೆ ಹೋಗುತ್ತೇನೆ.