ತಿರುಗಿ ನೋಡುವ ಎಮ್ಮೆ

೧೯೯೬ರಲ್ಲಿ, ಏಳನೇ ಇಯತ್ತೆ ಅರ್ಧಕ್ಕೇ ಬಿಟ್ಟು ನಾನು ಸಾಲಿಯಿಂದ ಹೊರಬಿದ್ದೆ. ಇದನ್ನು ನಾನು ಎಂದೂ ಮುಚ್ಚಿಟ್ಟವನಲ್ಲ. ಗಿರಾಕಿಗಳ ಮುಂದೆ ಎದೆಯುಬ್ಬಿಸಿ ಹೇಳಿಕೊಂಡಿದ್ದೇನೆ. ಮುಚ್ಚಿಟ್ಟದ್ದು ಬೇರೆ. ಪುಣೆಯ ಡೇರಿ ಅಂಗಡಿಗಳಲ್ಲಿ, ಮೊಸರಿನ ಡಬ್ಬಿಯ ಮುಚ್ಚಳದ ಮೇಲೆ, ಕತ್ತು ತಿರುಗಿಸಿ ನೋಡುವ ಒಂದು ಎಮ್ಮೆ ಇದೆ — ಅದು ನನ್ನದಲ್ಲ. ನನ್ನ ಅಂಗಡಿಯಲ್ಲಿ ಕೆಲಸಕ್ಕಿದ್ದ ಶಿವಪ್ಪ ಬಿಡಿಸಿದ್ದು. ನಾನು ಅವನಿಂದ ತೆಗೆದುಕೊಂಡೆ ಎಂದು ಮೊದಲು ಬರೆದಿದ್ದೆ. ಹೊಡೆದುಹಾಕಿದೆ. ಕದ್ದೆ.

ಪುಣೆಯ ಧನಕವಡಿಯಲ್ಲಿ ನನ್ನ ಅಂಗಡಿ. ಮೊದಮೊದಲು ಕೈಯಲ್ಲೇ ಬೋರ್ಡು, ಗಾಡಿಗಳ ನಂಬರು ಬರೆಯುತ್ತಿದ್ದೆ. ಫ್ಲೆಕ್ಸ್ ಬಂದ ಮೇಲೆ ಕಂಪ್ಯೂಟರ್ ಕಲಿತೆ — ಯಾರೂ ಕಲಿಸಲಿಲ್ಲ, ನಾನೇ ತಡಕಾಡಿ ಕಲಿತೆ. ಶಿವಪ್ಪ ಯಾದಗಿರಿ ಕಡೆಯವನು. ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದವನು, ಕುಂಚ ಹಿಡಿಯಲು ಬರುತ್ತದೆಂದು ನನ್ನ ಬಳಿ ಸೇರಿದ. ಕೈ ಒಳ್ಳೆಯದು, ಬಾಯಿ ಕೆಟ್ಟದು. ಬರುತ್ತೇನೆಂದ ದಿನ ಬರುತ್ತಿರಲಿಲ್ಲ. ನನ್ನ ಕಂಪ್ಯೂಟರಿನ ಗೆರೆಗಳನ್ನು ನೋಡಿ, “ಸತ್ತ ಹಾವು ಮಲಗಿಸಿದಂಗ ಅದ ನೋಡಪಾ ಮಲ್ಲೂ” ಎಂದು ನಗುತ್ತಿದ್ದ. ಗಿರಾಕಿ ಎದುರಿಗಿದ್ದರೂ ನಗುತ್ತಿದ್ದ. ಅವನ ಕನ್ನಡ ಅವರಿಗೆ ತಿಳಿಯುತ್ತಿರಲಿಲ್ಲ, ಅವರ ಮರಾಠಿ ಅವನಿಗೆ ಅಷ್ಟಕ್ಕಷ್ಟೇ. ನಡುವೆ ನಾನು. ಅವರು ಅಂದದ್ದನ್ನು ಅವನಿಗೆ, ಅವನು ಅಂದದ್ದನ್ನು ಅವರಿಗೆ ದಾಟಿಸುವವನು ನಾನೇ. ಅದರಲ್ಲಿ ಅವನಿಗೆ ಎಂದೂ ಅನುಮಾನ ಬರಲಿಲ್ಲ.

ಎಂಟು ವರ್ಷಗಳ ಹಿಂದೆ ಭೋರ್ ಕಡೆಯಿಂದ ಸುಮನ್‌ಬಾಯಿ ಬಂದರು. ಎಮ್ಮೆ ಹಾಲಿನ ಮೊಸರು ಮಾಡುತ್ತಿದ್ದರು. ಪುಣೆಯಲ್ಲಿ ಮಾರಬೇಕು, ಲೋಗೋ ಬೇಕು. ನಾನು ಹಾಲಿನ ಹನಿ ಮಾಡಿದೆ, ಹಸಿರು ಎಲೆ ಮಾಡಿದೆ, ನಗುವ ಆಕಳ ಮುಖ ಮಾಡಿದೆ. ಎಲ್ಲದಕ್ಕೂ ಅವರದು ಒಂದೇ ಮಾತು — ಇದು ಯಾರ ಮೊಸರಿಗಾದರೂ ಆದೀತು, ನನ್ನದಕ್ಕೇ ಯಾಕೆ? ಬಣ್ಣ ಬದಲಿಸಿ ಅದನ್ನೇ ಮತ್ತೆ ತೋರಿಸಿದೆ. ಅವರು ಬೈಯಲಿಲ್ಲ. ಸುಮ್ಮನೆ ಮೊಬೈಲ್ ವಾಪಸು ಕೊಟ್ಟರು.

ಶಿವಪ್ಪ ಇದನ್ನೆಲ್ಲ ನೋಡುತ್ತಿದ್ದ. ಒಂದು ಮಧ್ಯಾಹ್ನ ಮಿಠಾಯಿ ಡಬ್ಬಿಯ ರಟ್ಟು ಹರಿದು, ಕರಿ ಬಣ್ಣದಲ್ಲಿ ಎಮ್ಮೆ ಬಿಡಿಸಿದ. ಪಂಢರಪುರದ ಕಡೆಯ ಎಮ್ಮೆ, ಕೊಂಬು ಬೆನ್ನಿನುದ್ದಕ್ಕೂ ಹಿಂದೆ ಬಾಗಿದ್ದು. ಮುಂದೆ ನಡೆಯುತ್ತ ಕತ್ತು ತಿರುಗಿಸಿತ್ತು, ಯಾರೋ ಕರೆದಂತೆ. ಕೊಂಬಿನ ಗೆರೆಯೇ ಬೆನ್ನಾಗಿ, ಬೆನ್ನೇ ಬಾಲವಾಗಿ ಇಳಿದಿತ್ತು. ರಟ್ಟನ್ನು ಬೆಳಕಿಗೆ ಹಿಡಿದೆ. ಫೋಟೋ ತೆಗೆದು ಕಳಿಸಿದೆ. ಅವರು ಒಪ್ಪಲಿಕ್ಕಿಲ್ಲ ಎಂದುಕೊಂಡೇ ಕಳಿಸಿದೆ.

ಸುಮನ್‌ಬಾಯಿ ಕೂಡಲೇ ಫೋನ್ ಮಾಡಿದರು. “ಹೇಚ್ ಪಾಹಿಜೆ.” ಇದೇ ಬೇಕು. ಏನೂ ಬದಲಿಸಬೇಡಿ. ನಮ್ಮ ಎಮ್ಮೆ ಸಂಜೆ ಹೀಗೇ ತಿರುಗಿ ನೋಡುತ್ತದೆ. ಯಾರು ಬಿಡಿಸಿದ್ದು?

“ಮೀಚ್ ಕಾಢಲಂ,” ಎಂದೆ. ನಾನೇ ಬಿಡಿಸಿದ್ದು.

ಶಿವಪ್ಪ ಎದುರಿಗೇ ಕುಳಿತು ಕುಂಚ ತೊಳೆಯುತ್ತಿದ್ದ. ಆ ಎರಡು ಮಾತು ಅವನಿಗೆ ತಿಳಿಯಿತೋ ಇಲ್ಲವೋ — ಇವತ್ತಿಗೂ ನನಗೆ…

“ಏನಂದ್ರೋ?”

“ಸೇರಿಲ್ಲಂತ.”

“ಏನ್ ಸೇರಿಲ್ಲ? ಕೊಂಬೋ, ಮಾರಿನೋ?”

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. “ಸಾಲಿ ಹುಡುಗರು ಗೀಚಿದಂಗ ಅದ ಅಂದ್ರು.”

ಅವನು ಕುಂಚ ಒರೆಸಿದ. “ಸಾಲಿ ಕಟ್ಟೀನೇ ಹತ್ತಲಾರದವನಿಗೆ ಭಾಳ ದೊಡ್ಡ ಮಾತಾತು ಬಿಡು,” ಎಂದು ನಕ್ಕ. ನಾನೂ ನಕ್ಕೆ.

ಫೋಟೋ ಕಂಪ್ಯೂಟರಿಗೆ ಹಾಕಿ ಎಮ್ಮೆಯನ್ನು ತಿದ್ದಿದೆ. ಕೊಂಬು ನೇರ ಮಾಡಿದೆ, ಗೆರೆಯ ದಪ್ಪ ಸರಿಸಮ ಮಾಡಿದೆ. ಏನೂ ಬದಲಿಸಬೇಡಿ ಎಂದಿದ್ದರು. ಆದರೂ ಅದರಲ್ಲಿ ನನ್ನದೂ ಏನಾದರೂ ಇರಲಿ ಎಂದು — ಇರಬೇಕು. ಸುಮನ್‌ಬಾಯಿ ನೋಡಿ, ಎಮ್ಮೆ ಈಗ ಯಾರನ್ನೂ ನೋಡುತ್ತಿಲ್ಲವಲ್ಲ, ಎಂದರು. ಮೊದಲಿನದನ್ನೇ ಕೊಡಿ. ಅವನ ಕೈ ಎಲ್ಲಿ ನಡುಗಿತ್ತೋ ಅಲ್ಲಿ ನನ್ನ ಗೆರೆಯನ್ನೂ ನಡುಗಿಸಿ, ಹಾಗೆಯೇ ಇಳಿಸಿ ಕೊಟ್ಟೆ.

ಸತ್ತ ಹಾವಿನ ಮಾತು ಅಂದಿನಿಂದ ನಿಂತಿತು. ಕುಂಚ ಅದ್ದುವ ಮೊದಲು ಶಿವಪ್ಪ ನನ್ನ ಮುಖ ನೋಡತೊಡಗಿದ. “ಹಿಂಗ ಬರೀಲೇನು?” ಎಂದು ಕೇಳುತ್ತಿದ್ದ, ತನ್ನ ಅಕ್ಷರವನ್ನು ನನ್ನನ್ನು ಕೇಳಿ ಬರೆಯುತ್ತಿದ್ದ. ನಾನು ಬಯಸಿದ್ದೂ ಅದನ್ನೇ ಏನೋ. ಮುಚ್ಚಳಗಳು ಅಚ್ಚಾಗಿ ಅಂಗಡಿಗಳಿಗೆ ಬರುವ ಹೊತ್ತಿಗೆ ಅವನು ಬಿಟ್ಟು ಹೋಗಿದ್ದ. ಹಿಂಜವಾಡಿಯ ಹೊಸ ಫ್ಲ್ಯಾಟುಗಳಲ್ಲಿ, ನೆಲಮಾಳಿಗೆಯ ಪಾರ್ಕಿಂಗಿಗೆ ನಂಬರು ಹಾಕುವ ಕೆಲಸ. ತಗಡಿನಲ್ಲಿ ಕತ್ತರಿಸಿದ ಅಂಕಿ ಇಟ್ಟು ಮೇಲೆ ಬಣ್ಣ ಸವರುವುದು. ಅದಕ್ಕೆ ಕೈ ಬೇಕಿಲ್ಲ. ಆ ಎಮ್ಮೆ ನೋಡಿ ನನಗೆ ಬೇರೆ ಗಿರಾಕಿಗಳು ಬಂದರು. ಎಲ್ಲರೂ ಅಂಥದ್ದೇ ಇನ್ನೊಂದು ಬೇಕೆಂದರು. ಅಂಥದ್ದು ನನ್ನಿಂದ ಬರಲಿಲ್ಲ, ಬಂದದ್ದನ್ನು ಕೊಟ್ಟೆ.

ಹೋದ ವರ್ಷ ಒಂದು ಬೋರ್ಡಿನ ಅಳತೆಗೆಂದು ಹಿಂಜವಾಡಿಗೆ ಹೋದವನಿಗೆ, ಪಾರ್ಕಿಂಗಿನ ಕಂಬದ ಬುಡದಲ್ಲಿ ಶಿವಪ್ಪ ಉಣ್ಣುತ್ತ ಕುಳಿತಿದ್ದು ಕಂಡಿತು. ಮುಂದೆ ಹಳೆಯ ಮೊಸರಿನ ಡಬ್ಬಿ, ಅದರೊಳಗೆ ಶೇಂಗಾ ಚಟ್ನಿ.

“ಬಾರಪಾ ಸಾವಕಾರ, ಉಣ್ಣು ಬಾ,” ಎಂದ. ಅರ್ಧ ರೊಟ್ಟಿ ಮುರಿದು ಕೊಟ್ಟ. ಕುಳಿತೆ. ಮುಚ್ಚಳವನ್ನು ನನ್ನ ಕಡೆಗೆ ತಿರುಗಿಸಿ, ಹೆಬ್ಬೆರಳಿನಿಂದ ಒರೆಸಿ ಅವನು ಹೇಳಿದ:

“ಕೊಂಬು ಛಲೋ ಬಂದದ. ಅವರಿಗೆ ಸೇರಿತ್ತು ಹಂಗಾರ.”

“ಹೂಂ,” ಎಂದೆ.

“ಚಟ್ನಿ ಖಾರ ಅದ. ನೀರು ಕುಡಿ.”

ಕುಡಿದೆ. ಅಳು ಬರಲಿಲ್ಲ, ನಾಚಿಕೆಯೂ ಬರಲಿಲ್ಲ. ಎದುರಿನ ಗೋಡೆಯ ನಂಬರುಗಳನ್ನು ನೋಡುತ್ತ ರೊಟ್ಟಿ ಮುಗಿಸಿದೆ. ಬೋರ್ಡಿನ ಅಳತೆ ತೆಗೆದುಕೊಂಡು ಬಂದೆ.

ಹೋದ ತಿಂಗಳು ಸುಮನ್‌ಬಾಯಿಗೆ ನಿಜ ಹೇಳಿದೆ. ಲೋಗೋ ಅದೇ ಇರುತ್ತದಲ್ಲ, ಎಂದರು. ಇರುತ್ತದೆ ಎಂದೆ. ಹೊಸ ಮುಚ್ಚಳಗಳು ಯಾವಾಗ ಬರುತ್ತವೆ ಎಂದು ಕೇಳಿದರು.

ಶಿವಪ್ಪ, ಇದನ್ನು ಕನ್ನಡದಲ್ಲಿ ಬರೆದಿದ್ದೇನೆ. ಸಾಲಿ ಹತ್ತದೆ, ಬೋರ್ಡು ಬರೆಯುತ್ತಲೇ ಓದಲು ಕಲಿತವನು ನೀನು; ನಿನಗೂ ಇದಕ್ಕೂ ನಡುವೆ ಯಾರೂ ಬೇಕಾಗಿಲ್ಲ. ಗೀಚಿದ್ದು ಎಂದು ಅವರು ಅನ್ನಲಿಲ್ಲ. ಅದು ನನ್ನ ಮಾತು. ಕ್ಷಮಿಸು ಎಂದು ಬರೆದರೆ ನೀನು ಮತ್ತೆ ರೊಟ್ಟಿ ಮುರಿದು ಕೊಟ್ಟೀಯೆ, ಅದಕ್ಕೇ ಬರೆಯುವುದಿಲ್ಲ. ಇದರ ಒಂದು ಪ್ರತಿಯನ್ನು ನಾಳೆ ಹಿಂಜವಾಡಿಗೆ ತಂದು, ನಿನ್ನ ಕೈಯಲ್ಲಿಟ್ಟು, ನೀನು ಓದಿ ಮುಗಿಸುವವರೆಗೂ ಅಲ್ಲೇ ನಿಲ್ಲುತ್ತೇನೆ.

ಈಗ ನನ್ನ ಹತ್ತಿರ ಇರುವುದು: ಅಂಗಡಿ ಒಂದು, ಕಂಪ್ಯೂಟರ್ ಎರಡು, ಫ್ಲೆಕ್ಸ್ ಮಿಷನ್ ಒಂದು, ಕೆಲಸದವರು ಮೂವರು. ಜನ ನೆನಪಿಟ್ಟುಕೊಳ್ಳುವಂಥ ನನ್ನ ಲೋಗೋ — ಒಂದೂ ಇಲ್ಲ.