ಲೈನು ನುಂಗಿದ್ದು, ನಾನು ಸೇರಿಸಿದ್ದು

ನಿಂಗೇಗೌಡರು ಸತ್ತರು ಎಂದು ಶಿವಣ್ಣ ನನಗೆ ಹೇಳಿರಲಿಲ್ಲ. ಹಾಗೆ ಹೇಳಿದ ಎಂದು ಊರಿನವರ ಮುಂದೆ ನಿಂತು ಸಾಕ್ಷಿ ನುಡಿದವಳು ನಾನು. ಅದು ಸುಳ್ಳು. ಗೊತ್ತಿದ್ದೂ ಆಡಿದ ಸುಳ್ಳು. ಆ ಮಾತಿನಿಂದ, ಹೆತ್ತವರಿಲ್ಲದ ಅವನು ತಾನು ಬೆಳೆದ ಮನೆಯನ್ನೇ ಕಳೆದುಕೊಂಡ. ನಾನು ಮಾತ್ರ ನನ್ನ ಬೂತಿನಲ್ಲಿ, ನನ್ನ ಕುರ್ಚಿಯಲ್ಲಿ, ಏನೂ ಆಗದವಳ ಹಾಗೆ ಕೂತಿದ್ದೆ — ವರ್ಷಗಟ್ಟಲೆ.

ನಾನು ಅಕ್ಕಿಹೆಬ್ಬಾಳಿನವಳು. ಚಿಕ್ಕಂದಿನಲ್ಲೇ ಪೋಲಿಯೋ ಬಂದು ಎಡಗಾಲು ಸೊರಗಿಹೋಗಿತ್ತು. ಓದು ಮುಗಿಸಿದ ಮೇಲೂ ಊರಿನ ಬಾಯಲ್ಲಿ ನಾನು ಸರೋಜ ಆಗಲಿಲ್ಲ, ಕುಂಟಿಯಾಗಿಯೇ ಉಳಿದೆ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಅಂಗವಿಕಲರಿಗೆಂದು ಕೊಡುತ್ತಿದ್ದ ಎಸ್‌ಟಿಡಿ ಬೂತ್ ನನಗೂ ಸಿಕ್ಕಿತು. ರೈಲ್ವೆ ಸ್ಟೇಷನ್ನಿನ ದಾರಿಯಲ್ಲಿ, ಹಳದಿ ಬೋರ್ಡಿನ ಪುಟ್ಟ ಮಳಿಗೆ. ಆಗ ಮನೆಯಲ್ಲಿ ಫೋನಿದ್ದವರು ಊರಿನಲ್ಲಿ ಬೆರಳೆಣಿಕೆಯಷ್ಟು. ಮೈಸೂರಿನಲ್ಲಿದ್ದ ಮಗ, ಶ್ರೀರಂಗಪಟ್ಟಣಕ್ಕೆ ಕೊಟ್ಟ ಮಗಳು, ನಾಗಮಂಗಲದ ಬೀಗರು ಎಲ್ಲರೂ ನನ್ನ ಬೂತಿಗೇ ಫೋನ್ ಮಾಡಿ, "ನಮ್ಮವ್ವಂಗೆ ಒಸಿ ಏಳ್ಬುಡಕ್ಕ" ಎನ್ನುತ್ತಿದ್ದರು. ನಾನು ಕೋಲೂರಿಕೊಂಡು ಅವರವರ ಮನೆಗೆ ಹೋಗಿ ಹೇಳಿ ಬರುತ್ತಿದ್ದೆ. ಮೊದಲು ಕಂಡೂ ಕಾಣದಂತೆ ಹೋಗುತ್ತಿದ್ದವರು ಈಗ ಜಗುಲಿಯ ಮೇಲೆ ಕೂರಿಸಿ ಕಾಫಿ ಕೊಡತೊಡಗಿದರು. ನಾನು ಸರೋಜಕ್ಕ ಆದೆ. ಆ 'ಅಕ್ಕ' ನನಗೆ ಎಷ್ಟು ಬೇಕಾಗಿತ್ತು ಎಂದರೆ... ಇರಲಿ. ಅದನ್ನು ನೆಪವಾಗಿ ಮುಂದಿಡಲು ಇದನ್ನು ಬರೆಯುತ್ತಿಲ್ಲ.

ಆದರೆ ಆ ಕಾಲದ ಲೈನು ನಂಬುವಂಥದ್ದಾಗಿರಲಿಲ್ಲ. ಕಂಬದಿಂದ ಕಂಬಕ್ಕೆ ಜೋತುಬಿದ್ದ ತಂತಿ. ನಾಲ್ಕು ಹನಿ ಬಿದ್ದರೆ ಸಾಕು, ಕಿವಿಯೊಳಗೆ ಗೊರಗೊರ. ನಡುವೆ ಬೇರೆ ಯಾರದೋ ಮಾತು ನುಗ್ಗುತ್ತಿತ್ತು. ಎಷ್ಟೋ ಸಲ ನನಗೆ ಕೇಳಿಸುತ್ತಿದ್ದುದು ಅರ್ಧ, ಉಳಿದರ್ಧವನ್ನು ನಾನೇ ಊಹಿಸಿ ಮುಟ್ಟಿಸುತ್ತಿದ್ದೆ. ಸಾಮಾನ್ಯವಾಗಿ ಊಹೆ ಸರಿಯಾಗುತ್ತಿತ್ತು. ಅದೂ ಒಂದು ಜಾಣತನ ಎಂದುಕೊಂಡಿದ್ದೆ.

ನಿಂಗೇಗೌಡರು ನಮ್ಮ ಬೀದಿಯ ಹಿರಿಯರು. ಅವರಿಗೂ ಅವರ ಹೆಂಡತಿ ಚಿಕ್ಕತಾಯಮ್ಮನಿಗೂ ಮಕ್ಕಳಿರಲಿಲ್ಲ. ತೀರಿಹೋದ ತಂಗಿಯ ಮಗ ಶಿವಣ್ಣನನ್ನೇ ಎತ್ತಿ ಆಡಿಸಿ ಬೆಳೆಸಿದ್ದರು. ಶಿವಣ್ಣ ಇದ್ದಲ್ಲಿ ನಗು ಇರುತ್ತಿತ್ತು. ಯಾರ ದನಿ ಬೇಕಾದರೂ ತೆಗೆಯುವನು. ಒಮ್ಮೆ ಮಂತ್ರಿಗಳು ರೈಲಿನಲ್ಲಿ ಬರುತ್ತಾರೆಂದು ಹಬ್ಬಿಸಿ ಅರ್ಧ ಊರನ್ನು ಹಾರ ಹಿಡಿಸಿ ಸ್ಟೇಷನ್ನಿನಲ್ಲಿ ನಿಲ್ಲಿಸಿದ್ದ. ಬೈಯುತ್ತಲೇ ಎಲ್ಲರೂ ಅವನನ್ನು ಹಚ್ಚಿಕೊಂಡಿದ್ದರು.

ಗೌಡರು ಹೊಟ್ಟೆಯ ಆಪರೇಷನ್ ಆಗಿ ಮೈಸೂರಿನ ಆಸ್ಪತ್ರೆಯಲ್ಲಿದ್ದರು. ಜೊತೆಗೆ ಶಿವಣ್ಣನೇ ಇದ್ದ. ಇನ್ನೂ ಕೆಲವು ದಿನ ಬಿಡುವುದಿಲ್ಲವಂತೆ ಎಂದು ಹಿಂದಿನ ದಿನವಷ್ಟೇ ಫೋನ್ ಮಾಡಿದ್ದ. ಮಾರನೆಯ ದಿನ ಬೆಳಿಗ್ಗೆ ಜಿಟಿಜಿಟಿ ಮಳೆ. ಬೂತಿನ ತುಂಬ ಜನ. ಫೋನ್ ಬಂತು.

"ಸರೋಜಕ್ಕಾ, ನಾನು ಶಿವಣ್ಣ. ಮಾವ..." ಗೊರ್ರೆಂದು ಸದ್ದು. "...ಓಗ್ಬುಟ್ರು. ಆಸ್ಪತ್ರೆದು ಎಲ್ಲಾ ಮುಗೀತು. ಅತ್ತೆಗೆ ಏಳ್ಬುಡು, ಗಾಬ್ರಿ ಬೀಳ್ಬ್ಯಾಡ ಅನ್ನು..."

ಲೈನು ಕಟ್ಟಾಯಿತು.

ಮಾವ, ಸದ್ದು, ಹೋಗಿಬಿಟ್ಟರು. ಸದ್ದಿನಲ್ಲಿ ಏನೋ ಮುಳುಗಿಹೋಯಿತು ಎಂದು ನನಗೆ ಗೊತ್ತಿತ್ತು — ಇದನ್ನು ಒತ್ತಿ ಹೇಳಬೇಕು — ಗೊತ್ತಿತ್ತು. ತಿರುಗಿ ಕೇಳೋಣವೆಂದರೆ, ಅವನು ಯಾವ ಫೋನಿನಿಂದ ಮಾಡಿದ್ದನೋ ತಿಳಿಯುವ ದಾರಿ ಆಗ ಇರಲಿಲ್ಲ. ಆದರೆ ಕಾಯಬಹುದಿತ್ತು. ಲೈನು ಕಟ್ಟಾದರೆ ಎಲ್ಲರೂ ಇನ್ನೊಮ್ಮೆ ಮಾಡುತ್ತಾರೆ, ಅವನೂ ಮಾಡಿದ್ದನಂತೆ. ಎಷ್ಟು ಹೊತ್ತು ರಿಂಗಾದರೂ ಯಾರೂ ಎತ್ತಲಿಲ್ಲವಂತೆ. ನಾನು ಅಷ್ಟರಲ್ಲಿ ಜನರನ್ನೆಲ್ಲ ಎಬ್ಬಿಸಿ, ಬೂತಿಗೆ ಬೀಗ ಹಾಕಿ ಹೊರಟುಬಿಟ್ಟಿದ್ದೆ. ಇಷ್ಟು ದೊಡ್ಡ ಸುದ್ದಿ ನನ್ನ ಬಾಯಿಂದಲೇ ಮೊದಲು ತಿಳಿಯಬೇಕು ಎಂಬ ಆಸೆಯಿಂದ. ಆ ಆಸೆಗೆ ಏನು ಹೆಸರಿಡಲಿ?

ಚಿಕ್ಕತಾಯಮ್ಮ ಅಂಗಳದ ಚಪ್ಪರದ ಕೆಳಗೆ ಅವರೆಕಾಯಿ ಸುಲಿಯುತ್ತಿದ್ದರು.

"ಚಿಕ್ಕತಾಯವ್ವ, ಗೌಡ್ರು ಓಗ್ಬುಟ್ರಂತೆ" ಎಂದೆ.

ಅವರು ತಲೆಯೆತ್ತಿ ಕೇಳಿದರು, "ಎಲ್ಗವ್ವ ಓದ್ರು?"

ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದರು. ನನಗೆ ಸರಿಯಾಗಿ ಕೇಳಿಸಲಿಲ್ಲ ಎನ್ನಲು ಆಗಲೂ ಹೊತ್ತು ಮೀರಿರಲಿಲ್ಲ. ನಾನು ಹೇಳಿದ್ದು ಇಷ್ಟು: "ಬೆಳಿಗ್ಗೆ ಜೀವ ಓಯ್ತಂತೆ ಕಣವ್ವ. ಶಿವಣ್ಣ ಫೋನ್ ಮಾಡಿದ್ದ."

ಬೆಳಿಗ್ಗೆ ಎಂದು ಯಾರೂ ಅಂದಿರಲಿಲ್ಲ. ಜೀವ ಎಂದೂ ಅಂದಿರಲಿಲ್ಲ.

ಚಿಕ್ಕತಾಯಮ್ಮ ಎರಡೂ ಕೈ ನೆಲಕ್ಕೆ ಬಡಿದುಕೊಂಡರು. ಬಳೆಗಳು ಚೂರಾಗಿ ಅವರೆಕಾಯಿಯ ಮೊರದೊಳಗೆ ಬಿದ್ದವು. ಮಣಿಕಟ್ಟಿನಲ್ಲಿ ರಕ್ತ ಬಂತು. ಬೀದಿಯೆಲ್ಲ ಸೇರಿತು. ಹೊಸಹೊಳಲಿನ ನೆಂಟರಿಗೆ ತಿಳಿಸಲು ಒಬ್ಬರು ಸೈಕಲ್ ಹತ್ತಿದರು. ದೇಹ ಯಾವಾಗ ಬರುತ್ತದೆ ಎಂದು ಎಲ್ಲರೂ ನನ್ನನ್ನೇ ಕೇಳುತ್ತಿದ್ದರು. ನಾನು ಸೆರಗು ಬಾಯಿಗಿಟ್ಟುಕೊಂಡು ಅವರ ನಡುವೆ ಕೂತಿದ್ದೆ.

ಮಧ್ಯಾಹ್ನದ ರೈಲು ಬಂದು ಹೋದ ಸ್ವಲ್ಪ ಹೊತ್ತಿಗೆ, ಕೊಡೆ ಹಿಡಿದುಕೊಂಡು, ಹೊಟ್ಟೆಯ ಮೇಲೊಂದು ಕೈಯಿಟ್ಟುಕೊಂಡು, ನಿಂಗೇಗೌಡರು ಬೀದಿಯ ತಿರುವಿನಲ್ಲಿ ನಡೆದು ಬಂದರು. ಮನೆಯ ಮುಂದೆ ಜನ ಕಂಡು ಗಾಬರಿಯಾಗಿ ಕೂಗಿದರು, "ಯಾರ್ಲಾ? ಯಾರಿಗ್ಲಾ ಏನಾಯ್ತು?"

ಚಿಕ್ಕತಾಯಮ್ಮ ಎದ್ದು ಬಂದು ಗಂಡನ ಮುಖವನ್ನು ಎರಡೂ ಕೈಯಲ್ಲಿ ಮುಟ್ಟಿ ಮುಟ್ಟಿ ನೋಡಿ ಅಲ್ಲೇ ಕುಸಿದರು. ಆಮೇಲೆ ಅಳು, ನಗು, ಕೂಗಾಟ, ಎಲ್ಲ ಒಟ್ಟಿಗೆ. ಆಸ್ಪತ್ರೆಯ ಊಟ ಸೇರದೆ, ಡಾಕ್ಟರ ಹತ್ತಿರ ಜಗಳವಾಡಿ ಬಿಡಿಸಿಕೊಂಡು, ಔಷಧಿ ತರಲು ಶಿವಣ್ಣನನ್ನು ಅಲ್ಲೇ ಬಿಟ್ಟು ರೈಲು ಹತ್ತಿದ್ದರಂತೆ. ನನಗೆ ಆಗ ಎಷ್ಟು ಸಮಾಧಾನವಾಯಿತೆಂದರೆ ನಾನೂ ಅತ್ತೆ. ಅದು ನಿಜವಾದ ಅಳು. ಅಷ್ಟರಲ್ಲಿ ಗೌಡರು ಕಣ್ಣೊರೆಸಿಕೊಳ್ಳುತ್ತಾ, ನಗುತ್ತಾ ಕೇಳಿದರು, "ಅಲ್ಲಾ, ನನ್ನ ಸಾಯ್ಸಿದೋರು ಯಾರ್ರೋ?"

ಎಲ್ಲರ ಕಣ್ಣು ನನ್ನ ಮೇಲೆ ಬಿತ್ತು.

"ಶಿವಣ್ಣ" ಎಂದೆ.

ಸಂಜೆ ಶಿವಣ್ಣ ಬಂದ. ಕೈಯಲ್ಲಿ ಔಷಧಿಯ ಚೀಲ, ಅತ್ತೆಗೆಂದು ಒಂದು ಮೊಳ ಮಲ್ಲಿಗೆ. ಅಂಗಳದಲ್ಲಿ ಕೂತವರ ಮುಖ ನೋಡಿ ಅವನ ನಗು ನಿಂತಿತು.

"ಗಂಡ ಬದುಕಿರೋವಾಗ್ಲೇ ನನ್ನ ಬಳೆ ಒಡೆಸ್ದಲ್ಲೋ!" ಎಂದರು ಚಿಕ್ಕತಾಯಮ್ಮ. "ಇದೂ ತಮಾಷೆನೇನ್ಲಾ ನಿಂಗೆ?"

"ನಾನೇನಂದೆ ಅತ್ತೆ? ಮಾವ ರೈಲತ್ಕಂಡು ಓಗ್ಬುಟ್ರು ಅಂದೆ. ಅಷ್ಟೇಯ. ಸರೋಜಕ್ಕಾ, ನೀನೇ ಏಳಕ್ಕ."

ರೈಲು ಹತ್ತಿಕೊಂಡು. ಸದ್ದು ನುಂಗಿದ್ದು ಅದನ್ನು. ಎಲ್ಲವೂ ನನಗೆ ಒಂದೇ ಕ್ಷಣದಲ್ಲಿ ಅರ್ಥವಾಯಿತು. ಅರ್ಥವಾದ ಮೇಲೆ ಹೇಳಿದೆ — ಇದೇ ನನ್ನ ತಪ್ಪು, ಉಳಿದದ್ದು ಬರೀ ಅವಸರ:

"ಸತ್ತೋದ್ರು ಅಂತ್ಲೇ ಅಂದೆ ಕಣಪ್ಪ ನೀನು. ನಾನು ತಿರ್ಗಾ ಕೇಳ್ದೆ. ತಿರ್ಗಾನೂ ಅಂಗೇ ಅಂದೆ."

ಅವನು ನನ್ನನ್ನೇ ನೋಡಿದ. ಆ ಕಣ್ಣಲ್ಲಿ ಕೋಪವಿರಲಿಲ್ಲ, ಆಶ್ಚರ್ಯವಿತ್ತು. ಕೋಪ ಮಾಡಿಕೊಂಡಿದ್ದರೆ ಮರೆಯಬಹುದಿತ್ತೇನೋ. ಮಂತ್ರಿ ಬಂದರೆಂದು ಊರನ್ನೇ ಓಡಿಸಿದವನ ಮಾತನ್ನು ಯಾರು ನಂಬುತ್ತಾರೆ? ಗೌಡರು "ಓಗ್ಲಿ ಬುಡೇ, ನಾನು ಬಂದ್ನಲ್ಲ" ಎಂದು ಎಷ್ಟು ಹೇಳಿದರೂ ಚಿಕ್ಕತಾಯಮ್ಮ ಕೇಳಲಿಲ್ಲ. "ಈ ಹೊಸ್ಲು ತುಳೀಬ್ಯಾಡ ನೀನು" ಎಂದುಬಿಟ್ಟರು. ಶಿವಣ್ಣ ಮಾರನೆಯ ದಿನವೇ ಪಾಂಡವಪುರಕ್ಕೆ ಹೋದ. ಅಲ್ಲಿ ಟ್ರಾಕ್ಟರು ರಿಪೇರಿಯ ಶೆಡ್ಡಿನಲ್ಲಿ ಸೇರಿಕೊಂಡನೆಂದು ಕೇಳಿದೆ. ಮುಂದೆ ಅಲ್ಲೇ ಮದುವೆಯಾದ. ಅವನ ಕಡೆಯವರೆಂದು ಧಾರೆಗೆ ನಿಂತವರು ಶೆಡ್ಡಿನ ಮಾಲೀಕರು.

ಇತ್ತ ನನ್ನ ಬೂತು ಬೆಳೆಯಿತು. ನೆಲದೊಳಗೆ ಕೇಬಲ್ ಬಂತು, ಹೊಸ ಎಕ್ಸ್‌ಚೇಂಜ್ ಬಂತು, ಗೊರಗೊರ ನಿಂತಿತು. ಪಕ್ಕದಲ್ಲೇ ಕೂತು ಮಾತಾಡಿದಂತೆ ಕೇಳಿಸತೊಡಗಿತು. ಜನ "ಈಗಿನ ಫೋನು ಎಷ್ಟು ಚೆಂದ ಅಲ್ವಾ ಸರೋಜಕ್ಕ" ಎಂದರೆ ನಾನು ತಲೆ ತಗ್ಗಿಸಿ ಬಿಲ್ಲು ಬರೆಯುತ್ತಿದ್ದೆ. ಒಮ್ಮೆ ಮೈಸೂರಿನ ವ್ಯಾಪಾರಿಯೊಬ್ಬರು ಬೂತಿಗೆ ಬಂದು, ಸೊಂಟದಲ್ಲಿದ್ದ ಪೇಜರನ್ನು ತೋರಿಸಿದರು. ಅದರಲ್ಲಿ ಅಕ್ಷರ ಮೂಡುತ್ತಿತ್ತು. ಆದರೆ ಅದರಿಂದ ತಿರುಗಿ ಏನೂ ಕೇಳುವಂತಿರಲಿಲ್ಲ. ಬಂದ ಎರಡು ಪದದ ಅರ್ಥ ತಿಳಿಯದೆ, ಮನೆಯಲ್ಲಿ ಏನಾಯಿತೋ ಎಂದು ಬೆವರುತ್ತಾ ನನ್ನ ಫೋನು ಹುಡುಕಿಕೊಂಡು ಬಂದಿದ್ದರು. ಮನೆಗೆ ಫೋನ್ ಮಾಡಿ ವಿಷಯ ತಿಳಿದ ಮೇಲೆ ಉಸ್ಸೆಂದು ಬೆಂಚಿನ ಮೇಲೆ ಕೂತರು. ಅವರು ಕೇಳಿ ತಿಳಿದುಕೊಂಡರು. ನಾನು...

ಆ ದಶಕ ಮುಗಿಯುತ್ತಾ ಬಂದಾಗ, ಒಂದು ಬೆಳಿಗ್ಗೆ ಫೋನ್ ಬಂತು. ಲೈನು ಕನ್ನಡಿಯಷ್ಟು ಸ್ವಚ್ಛ.

"ಸರೋಜಕ್ಕಾ, ನಾನು ಶಿವಣ್ಣ, ಪಾಂಡವಪುರದಿಂದ. ನಂಗೆ ಮಗಳು ಹುಟ್ಟವ್ಳೆ. ಅತ್ತೆ ಮಾವಂಗೆ ಏಳ್ಬೇಕು." ಆಮೇಲೆ ಹೇಳಿದ, "ನಾನಂದಂಗೇ ಏಳಕ್ಕ."

ಅಷ್ಟೇ. ಚುಚ್ಚುಮಾತಲ್ಲ, ಬೇಡಿಕೆ. ಆ ಮನೆಗೆ ತನ್ನ ಮಾತು ಮುಟ್ಟಿಸಲು ಅವನಿಗೆ ಅಷ್ಟು ವರ್ಷಗಳಾದ ಮೇಲೂ ನನ್ನ ಬಾಯಿಯೇ ಗತಿಯಾಗಿತ್ತು.

ನಾನು ಹೋದೆ. ಗಂಡ ಹೆಂಡತಿ ಇಬ್ಬರೂ ಜಗುಲಿಯ ಮೇಲಿದ್ದರು. ಅವನು ಅಂದಂತೆಯೇ ಹೇಳಿದೆ. ಚಿಕ್ಕತಾಯಮ್ಮ ಮುಖ ಪಕ್ಕಕ್ಕೆ ತಿರುಗಿಸಿಕೊಂಡರು. ಅಲ್ಲಿಂದ ಎದ್ದು ಬರಬಹುದಿತ್ತು. ಕಾಲು ಏಳಲಿಲ್ಲ.

"ಅವತ್ತು ಶಿವಣ್ಣ ಅಂಗನ್ನಲಿಲ್ಲ ಕಣವ್ವ. ಸತ್ತೋದ್ರು ಅಂತ ಅನ್ಲೇ ಇಲ್ಲ. ನಂಗೆ ಸರಿಯಾಗಿ ಕೇಳಿಸ್ಲಿಲ್ಲ. ನಾನೇ ಸೇರಿಸ್ದೆ. ಆಮೇಲೆ ಸುಳ್ಳೇಳ್ದೆ."

ಗೌಡರು ಬೀಡಿ ಹಚ್ಚಲು ಗೀರಿದ ಕಡ್ಡಿ ಬೆರಳು ಸುಡುವ ತನಕ ಹಿಡಿದೇ ಇದ್ದರು. ಚಿಕ್ಕತಾಯಮ್ಮ ಎದ್ದು ಬಂದು ನನ್ನ ಮುಂದೆ ನಿಂತರು. ಹೊಡೆಯುತ್ತಾರೆ ಎಂದುಕೊಂಡೆ, ಹೊಡೆದಿದ್ದರೆ ಒಳ್ಳೆಯದಿತ್ತು. "ನನ್ನ ಮಗೀನ ನನ್ನ ಬಾಯಲ್ಲೇ ಆಚೆಗಾಕ್ಸಿದ್ಯಲ್ಲವ್ವ" ಎಂದರು. ಆಮೇಲೆ ಒಳಗೆ ಹೋಗಿ, ಸೀರೆ ಬದಲಾಯಿಸಿ ಬಂದು ಹೇಳಿದರು, "ನಡಿ. ನೀನೂ ಬಾ. ಅವನ ಮುಂದೆ ನೀನೇ ಏಳು."

ಕೆ.ಆರ್.ಪೇಟೆಯಲ್ಲಿ ಬಸ್ಸು ಬದಲಾಯಿಸಿ ಮೂವರೂ ಪಾಂಡವಪುರ ತಲುಪಿದೆವು. ಆಸ್ಪತ್ರೆಯ ವರಾಂಡದಲ್ಲಿ ಶಿವಣ್ಣ ಫ್ಲಾಸ್ಕು ಹಿಡಿದು ನಿಂತಿದ್ದ. ಅತ್ತೆಯನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದ. ಅವರು ಓಡಿಹೋಗಿ ಅವನ ತಲೆಯನ್ನು ಎದೆಗೆ ಎಳೆದುಕೊಂಡರು. ಇಬ್ಬರೂ ಅತ್ತು ಮುಗಿಸುವ ತನಕ ನಾನು ಗೋಡೆಗೊರಗಿ ನಿಂತಿದ್ದು, ಆಮೇಲೆ ಹೇಳಬೇಕಾದದ್ದನ್ನು ಹೇಳಿದೆ, ಒಂದಕ್ಷರವೂ ಬಿಡದೆ.

ಅವನು ಫ್ಲಾಸ್ಕನ್ನು ಬೆಂಚಿನ ಮೇಲಿಟ್ಟ.

"ನಾನೇ ಅಂಗಂದ್ನೇನೋ ಅಂತ ನಂಗೇ ಅನುಮಾನ ಬಂದ್ಬುಟ್ಟಿತ್ತು ಕಣಕ್ಕ" ಎಂದ. "ತಮಾಷೆ ಆಡೋ ಬಾಯಿ, ಅಭ್ಯಾಸಬಲದಲ್ಲಿ ಅಂದೇಬುಟ್ನೇನೋ ಅಂತ. ಅವತ್ತಿಂದ ಯಾರ್ ಕೂಡೂ ತಮಾಷೆ ಮಾಡಕ್ಕೇ ಎದ್ರಿಕೆ." ಉದ್ದಕ್ಕೆ ಉಸಿರು ಬಿಟ್ಟ. "ನಾನನ್ನಲಿಲ್ಲ. ಅನ್ನಲಿಲ್ಲ ತಾನೇ? ಸಾಕು ಬುಡು."

ಅವನ ಮುಖ ಸಡಿಲವಾಗಿದ್ದು ನನಗೆ ಕಾಣಿಸಿತು. ನನ್ನ ಸುಳ್ಳು ಅವನ ಮನೆಯನ್ನಷ್ಟೇ ಅಲ್ಲ, ಅವನಿಗೆ ತನ್ನ ಮೇಲಿದ್ದ ನಂಬಿಕೆಯನ್ನೂ ತಿಂದಿತ್ತು ಎಂದು ತಿಳಿದದ್ದು ಆಗ. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ನಿದ್ದೆ ಹತ್ತಿತು. ಎಷ್ಟೋ ವರ್ಷಗಳಿಂದ ಹಾಗೆ ಮೈಮರೆತು ಮಲಗಿರಲಿಲ್ಲ. ನಾಚಿಕೆಯಿಲ್ಲದೆ ಹೇಳುತ್ತೇನೆ, ಹಗುರವಾಗಿತ್ತು.

ಮಗುವಿಗೆ ಹೆಸರಿಡುವ ಶಾಸ್ತ್ರ ಗೌಡರ ಮನೆಯಲ್ಲೇ ಆಯಿತು. ನನ್ನನ್ನೂ ಕರೆದಿದ್ದರು. ಊಟದ ಸಾಲಿನಲ್ಲಿ ನಾಗಮಂಗಲದ ಕಡೆಯ ನೆಂಟರೊಬ್ಬರು ಶಿವಣ್ಣನನ್ನು ತೋರಿಸಿ ಜೋರಾಗಿ ನಕ್ಕರು, "ಬದುಕಿದ್ದ ಮಾವನ್ನ ಫೋನಲ್ಲೇ ಸಾಯಿಸ್ದ ಮಹಾರಾಯ ಇವನೇ ಅಲ್ವಾ?"

ಶಿವಣ್ಣ ಎಲೆ ನೋಡಿಕೊಂಡು ಕೂತ. ಯಾರಾದರೂ ಏನಾದರೂ ಹೇಳಲಿ ಎಂದು ನಾನು ಕಾಯಲಿಲ್ಲ. ಕೋಲು ಹುಡುಕಿಕೊಂಡು ಎದ್ದು ನಿಂತೆ.

"ಅವನಲ್ಲ ಕಣಣ್ಣ. ಸಾಯಿಸ್ದೋಳು ನಾನು" ಎಂದು, ಇದನ್ನೆಲ್ಲ ಮೊದಲಿಂದ ಹೇಳಿದೆ. ಬಡಿಸುತ್ತಿದ್ದವರು ಸೌಟು ಹಿಡಿದುಕೊಂಡೇ ನಿಂತು ಕೇಳಿದರು.

ಅದಾದ ಮೇಲೆ ಕೆಲವರು ನನ್ನ ಹತ್ತಿರ ಸುದ್ದಿ ಬಿಡುವುದನ್ನು ನಿಲ್ಲಿಸಿದರು. ತಾವೇ ಬಂದು ಬೆಂಚಿನ ಮೇಲೆ ಕಾದು ಮಾತಾಡಿ ಹೋಗುತ್ತಿದ್ದರು. ಸರಿಯೇ ಆಯಿತು. ಕ್ಷಮಿಸಿದೆ ಎಂದು ಶಿವಣ್ಣ ಇವತ್ತಿನವರೆಗೂ ಅಂದಿಲ್ಲ, ನಾನೂ ಕೇಳಿಲ್ಲ. ಅವನ ಮದುವೆಯ ದಿನ ಚಿಕ್ಕತಾಯಮ್ಮ ಧಾರೆ ಎರೆಯಲಿಲ್ಲ. ಅದನ್ನು ನಾನು ಯಾವ ಮಾತಿನಿಂದಲೂ ತಂದುಕೊಡಲಾರೆ. ಆ ಕಥೆ ಎಲ್ಲೆಲ್ಲಿಗೋ ಹೋಗಿದೆ. ಮದುವೆ ಮನೆಗಳಲ್ಲಿ, ಬಸ್ಸುಗಳಲ್ಲಿ, ಶಿವಣ್ಣನ ಹೆಸರು ಹಿಡಿದು ಈಗಲೂ ಯಾರಾದರೂ ಹೇಳಿ ನಗುತ್ತಾರೆ. ನನ್ನ ಕಿವಿಗೆ ಬಿದ್ದಲ್ಲೆಲ್ಲ ತಡೆದು, ಹೆಸರು ತಿದ್ದುತ್ತೇನೆ. ಬೀಳದೆ ಹೋದ ಕಡೆ ಅವನು ಇನ್ನೂ ನನ್ನ ತಪ್ಪನ್ನು ಹೊತ್ತುಕೊಂಡೇ ಇದ್ದಾನೆ.